ಗುಡಾರದಲ್ಲಿ ಇಟ್ಟ ಎಡೆ

ಹುಣಸೂರು

ನಾನು ಪುಕ್ಕಲ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಅಮೆರಿಕಕ್ಕೆ ಹೋಗಿ ಬಂದವನೆಂದು ನಮ್ಮೂರಿನ ಜಗಲಿಗಳಲ್ಲಿ ಕೂರಿಸಿಕೊಂಡು ಜನ ಕೇಳುತ್ತಾರೆ: ಅಲ್ಲಿ ಕಟ್ಟಡ ಎಷ್ಟು ಎತ್ತರ, ಹಸು ಎಷ್ಟು ಸೇರು ಹಾಲು ಕೊಡುತ್ತದೆ, ಹೆಂಗಸರು ನಿಜವಾಗಿಯೂ ಕಾರು ಓಡಿಸುತ್ತಾರಾ. ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ನನ್ನ ಮಟ್ಟಿಗೆ ಅಮೆರಿಕ ಎಂದರೆ ಬಟ್ಟೆಯ ಗೋಡೆಯ ಹಿಂದೆ ಮಲಗಿ ಹೆದರಿಕೊಂಡ ಕೆಲವು ದಿನಗಳು.

ನನ್ನ ಹೆದರಿಕೆಗೆ ಕಾರಣವಿತ್ತು. ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ನಮ್ಮ ಹೊಲ ಮುಗಿದಲ್ಲಿ ಕಾಡು ಶುರು. ಹುಡುಗನಾಗಿದ್ದಾಗ ಅಟ್ಟಣೆಯ ಮೇಲೆ ಕೂತು ಹಂದಿ, ಆನೆ, ಕರಡಿ ಬಾರದಂತೆ ಹೊಲ ಕಾದವನು ನಾನು. ತಮಟೆಗಿಂತ ನನ್ನ ಹಲ್ಲೇ ಜೋರಾಗಿ ಸದ್ದು ಮಾಡುತ್ತಿತ್ತು. ಕಾಡಂಚಿನ ಗಿರಿಜನರ ಹಾಡಿಯಿಂದ ಮಾರ ಎಂಬುವನು ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ. ಜೇನಿಗೆ ಹೋಗಿದ್ದಾಗ ಕರಡಿ ಅವನ ಮುಖದ ಎಡಭಾಗವನ್ನು ಕಿತ್ತುಹಾಕಿತ್ತು. ನೀರು ಕುಡಿಯುವಾಗ ಆ ಕಡೆಯ ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದ. ಅವನಿಗೆ ಕರಡಿಯ ಮೇಲೆ ಸಿಟ್ಟಿರಲಿಲ್ಲ. ಅದು ಹೆದರಿತ್ತು, ಹೆದರಿ ಕೈ ಬೀಸಿತು, ಅಷ್ಟೇ ಎನ್ನುತ್ತಿದ್ದ. ಅವನಿಗೆ ಸಿಟ್ಟಿಲ್ಲವೆಂದು ನನ್ನ ಭಯವೇನೂ ಕಡಿಮೆಯಾಗಲಿಲ್ಲ. ಇವತ್ತಿಗೂ ಕರಡಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ.

ಎಪ್ಪತ್ತರ ದಶಕದ ಆರಂಭವದು. ನಮ್ಮ ಕಡೆ ವರ್ಜೀನಿಯ ಹೊಗೆಸೊಪ್ಪು ಬೆಳೆಯಲು ಶುರು ಮಾಡಿ ಕೆಲವೇ ವರ್ಷವಾಗಿತ್ತು. ರೈತರನ್ನು ನಾಲ್ಕು ತಿಂಗಳ ಮಟ್ಟಿಗೆ ಹೊರದೇಶಕ್ಕೆ ಕಳಿಸಿ ಅಲ್ಲಿಯ ಬೇಸಾಯ ತೋರಿಸುವ ಯೋಜನೆಯೊಂದರಲ್ಲಿ ನನ್ನ ಹೆಸರು ಬಂತು. ಇಂಟರ್‌ಮೀಡಿಯೆಟ್ ತನಕ ಓದಿ ಒಂದಿಷ್ಟು ಇಂಗ್ಲಿಷ್ ಕಲಿತಿದ್ದೆನಲ್ಲ, ಅದೇ ತಪ್ಪಾಯಿತು. ಜೊತೆಗೆ ಬಂದವರು ಕೆ.ಆರ್. ನಗರ ತಾಲ್ಲೂಕಿನ ಚಿಕ್ಕೇಗೌಡರು. ಚುಂಚನಕಟ್ಟೆಯ ನಾಲೆ ನೀರಿನಲ್ಲಿ ಭತ್ತ ಬೆಳೆಯುವವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಇಂಗ್ಲಿಷಿನ ಒಂದಕ್ಷರ ಬಾರದವರು, ಯಾವುದಕ್ಕೂ ಹೆದರದವರು.

ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಅವರ ತಂದೆ ತೀರಿಕೊಂಡರು. ಗಂಟಲ ಕಾಯಿಲೆ. ಕೊನೆಯ ಎಂಟು ದಿನ ಗಂಜಿಯ ನೀರೂ ಇಳಿಯದೆ, ಹಸಿದುಕೊಂಡೇ ಹೋದರಂತೆ. ಚಿಕ್ಕೇಗೌಡರು ಒಬ್ಬನೇ ಮಗ. ನಾನು ಹೋಗುವುದಿಲ್ಲ ಎಂದು ಕೂತವರನ್ನು ಅವರ ತಾಯಿಯೇ ಕಳಿಸಿದ್ದು, ಒಂದು ಮಾತು ತೆಗೆದುಕೊಂಡು: ಹಿರಿಯರ ಹಬ್ಬದ ಮಾರ್ನಮಿ ಅಮಾವಾಸ್ಯೆಯ ದಿನ ಎಲ್ಲಿದ್ದರೂ ಅಪ್ಪನಿಗೆ ಎಡೆ ಇಡಬೇಕು. ಮೊದಲ ವರ್ಷದ ಎಡೆ ಮಗನ ಕೈಯಿಂದಲೇ ಆಗಬೇಕು. ಅದಕ್ಕೆಂದು ಕೆಂಪಂಚಿನ ಹೊಸ ಪಂಚೆ, ಒಂದು ಚೀಲ ರಾಗಿಹಿಟ್ಟು, ಗಂಧದಕಡ್ಡಿ ಕಟ್ಟಿ ಕೊಟ್ಟಿದ್ದರು. ವಿಮಾನದಲ್ಲಿ ಆ ಗಂಟನ್ನು ಚಿಕ್ಕೇಗೌಡರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ, ಮುಂದಿನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ನದಿಯ ದಂಡೆ

ನಾವು ಉಳಿದುಕೊಂಡದ್ದು ನಾರ್ತ್ ಕೆರೊಲಿನಾದಲ್ಲಿ, ಹೆರಾಲ್ಡ್ ಎಂಬ ವಯಸ್ಸಾದ ಹೊಗೆಸೊಪ್ಪಿನ ರೈತರ ಮನೆಯಲ್ಲಿ. ಅವರ ಹೆಂಡತಿ ರೂತ್. ಮಕ್ಕಳು ಬೇರೆ ಊರುಗಳಲ್ಲಿ. ಸೊಪ್ಪು ಬೇಯಿಸಿ, ಹದ ಮಾಡಿ, ಮಾರಿ ಮುಗಿದ ಮೇಲೆ ಹೆರಾಲ್ಡ್ ಒಂದು ಬೆಳಿಗ್ಗೆ ಕಾರಿನ ಮೇಲೆ ಮೂಟೆ ಕಟ್ಟತೊಡಗಿದರು. ನೀವು ಊರಿಗೆ ಹೋಗುವ ಮುಂಚೆ ನಮ್ಮ ಬೆಟ್ಟಗಳನ್ನು ನೋಡಬೇಕು, ದಾರಿಯುದ್ದಕ್ಕೂ ಗುಡಾರ ಹಾಕಿಕೊಂಡು ಮಲಗೋಣ ಎಂದರು. ಎಷ್ಟು ಖುಷಿಯಿಂದ ಹೇಳಿದರೆಂದರೆ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ನಮ್ಮ ಕಡೆ ಗುಡಾರದಲ್ಲಿ ಯಾರು ಇರುತ್ತಾರೆ? ಟೂರಿಂಗ್ ಟಾಕೀಸಿನವರು, ಸರ್ಕಸ್ಸಿನವರು. ಕೊಪ್ಪದ ಹತ್ತಿರ ಬೈಲುಕುಪ್ಪೆಗೆ ಟಿಬೆಟಿನ ಜನ ಬಂದ ಹೊಸದರಲ್ಲಿ ಕಾಡು ಕಡಿದು ಗುಡಾರದಲ್ಲಿದ್ದುದನ್ನು ನಾನೇ ನೋಡಿದ್ದೆ. ಆನೆ ಬಂದಾಗ ಅವರು ಡಬ್ಬ ಬಡಿಯುತ್ತಿದ್ದರು. ಮನೆ ಇಲ್ಲದವರ ಪಾಡು ಅದು. ಇಲ್ಲಿ ನೋಡಿದರೆ ಮೂರು ಕೋಣೆಯ ಮನೆ, ಅದಕ್ಕೆ ಬೀಗ, ಬೀಗ ಹಾಕಿ ಬಂದು ನೆಲದ ಮೇಲೆ ಮಲಗುವುದಕ್ಕೆ ಜನ ಸಾಲುಗಟ್ಟಿ ನಿಂತಿದ್ದಾರೆ.

ಮೊದಲ ತಂಗುದಾಣ ಒಂದು ನದಿಯ ದಂಡೆಯಲ್ಲಿತ್ತು. ಸುಮಾರು ನಲವತ್ತು ಗುಡಾರ. ಪ್ರತಿಯೊಬ್ಬರಿಗೂ ಅಳೆದು ಕೊಟ್ಟ ಜಾಗ, ಒಂದು ಮರದ ಮೇಜು, ಕಲ್ಲು ಜೋಡಿಸಿದ ಒಲೆ. ಕಾಡಿಗೆ ಬಂದವರು ಅರ್ಧ ಮನೆಯನ್ನೇ ತಂದಿದ್ದರು. ಒಬ್ಬರ ನಾಯಿಗೆ ಬೇರೆ ಹಾಸಿಗೆ. ಎದುರಿಗೆ ಸಿಕ್ಕವರೆಲ್ಲ ಕೈ ಬೀಸಿ ನಗುತ್ತಿದ್ದರು, ಆಮೇಲೆ ತಮ್ಮ ತಮ್ಮ ಒಲೆಯ ಮುಂದೆ ಬೆನ್ನು ಹಾಕಿ ಕೂತುಬಿಡುತ್ತಿದ್ದರು. ನಮ್ಮಲ್ಲಾದರೆ ಅರ್ಧ ಗಂಟೆಯಲ್ಲಿ ಯಾರ ನಾದಿನಿ ಯಾವ ಊರಿಗೆ ಸೇರಿದ್ದಾಳೆ ಎಂಬ ತನಕ ವಿಚಾರಣೆ ಮುಗಿದು, ಸಾರು ಕೈ ಬದಲಾಯಿಸಿರುತ್ತಿತ್ತು. ಇಲ್ಲಿ ಇಷ್ಟು ಜನರ ನಡುವೆಯೂ ನನಗೆ ಒಂಟಿತನ ಹೆದರಿಸಿತು. ಏನಾದರೂ ಆದರೆ ಯಾರ ಹೆಸರು ಹಿಡಿದು ಕೂಗುವುದು?

ಮಲಗುವುದಕ್ಕೆ ಕೊಟ್ಟದ್ದು ಜಿಪ್ಪು ಹಾಕುವ ಹತ್ತಿಯ ಚೀಲ. ಕುತ್ತಿಗೆಯ ತನಕ ಒಳಗೆ ಹೋಗಿ ಜಿಪ್ಪು ಎಳೆದುಕೊಂಡರೆ ಕೈಕಾಲು ಕಟ್ಟಿ ಹಾಕಿದಂತೆ. ಬೆಳಗಿನ ಜಾವ ತಲೆಯ ಹತ್ತಿರವೇ ಏನೋ ಪರಚಿತು. ಜಿಪ್ಪು ಸಿಕ್ಕಿಹಾಕಿಕೊಂಡಿತ್ತು. ಚೀಲದ ಸಮೇತ ಎದ್ದು ಕುಪ್ಪಳಿಸುತ್ತ ಹೊರಗೆ ಬಂದು ಬಿದ್ದೆ. ಬೆಕ್ಕಿಗಿಂತ ದೊಡ್ಡದೊಂದು ಪ್ರಾಣಿ, ಕಣ್ಣಿನ ಸುತ್ತ ಕಪ್ಪು ಪಟ್ಟಿ, ನನ್ನ ಸೋಪಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿತ್ತು. ನನ್ನನ್ನು ನೋಡಿ ಅದಕ್ಕೆ ಏನೂ ಅನ್ನಿಸಲಿಲ್ಲ. ಸೋಪು ತೆಗೆದುಕೊಂಡು ಸಾವಕಾಶವಾಗಿ ಹೋಯಿತು. ರೂತ್ ನಕ್ಕು ನಕ್ಕು ಮೇಜು ಹಿಡಿದುಕೊಂಡರು. ಚಿಕ್ಕೇಗೌಡರು ಮಾತ್ರ ನಗಲಿಲ್ಲ. ಅವರು ಆಕಾಶದಲ್ಲಿ ಸಣ್ಣಗಾಗುತ್ತಿದ್ದ ಚಂದ್ರನನ್ನು ನೋಡಿ ಬೆರಳು ಎಣಿಸುತ್ತಿದ್ದರು.

ಮಳೆ ಬಂದ ಜಾಗ

ಎರಡನೆಯ ತಂಗುದಾಣದ ಹೆಸರು ಮರೆತಿದ್ದೇನೆ. ಎರಡು ದಿನವೂ ಮಳೆ ಬಂದದ್ದು ಮರೆತಿಲ್ಲ. ಗುಡಾರದ ಬಟ್ಟೆಗೆ ಒಳಗಿನಿಂದ ಬೆರಳು ತಾಗಿಸಬೇಡಿ, ತಾಗಿಸಿದ ಕಡೆ ನೀರು ಸೋರುತ್ತದೆ ಎಂದು ಹೆರಾಲ್ಡ್ ಹೇಳಿದ್ದರು. ತಾಗಿಸಬಾರದು ಎಂದ ಮೇಲೆ ಕೈ ಅಲ್ಲಿಗೇ ಹೋಗುತ್ತದಲ್ಲ. ನಾನು ಮಲಗಿದ ಕಡೆ ಮಾತ್ರ ಸೋರಿತು. ಪಕ್ಕದ ಗುಡಾರದವರು ಸಕ್ಕರೆಯ ಬೆಂಡಿನಂಥ ಮೆತ್ತನೆಯ ಮಿಠಾಯಿಯನ್ನು ಕಡ್ಡಿಗೆ ಚುಚ್ಚಿ ಬೆಂಕಿಯಲ್ಲಿ ಸುಟ್ಟು ನಮಗೂ ಕೊಟ್ಟರು. ಸಿಹಿಯನ್ನು ಯಾಕೆ ಸುಡಬೇಕು ಎಂದು ಚಿಕ್ಕೇಗೌಡರು ಕೇಳಿದರು. ನಾನು ಅದನ್ನು ಅನುವಾದಿಸಲಿಲ್ಲ.

ಅಲ್ಲಿಂದ ಹೊರಟ ದಿನ ಕಾರಿನ ಹಿಂದಿನ ಸೀಟಿನಲ್ಲಿ ಚಿಕ್ಕೇಗೌಡರು ನಾಳೆಯೇ ಅಮಾವಾಸ್ಯೆ ಎಂದರು. ಅವತ್ತು ಎಲ್ಲಿರುತ್ತೇವೆ ಎಂದು ಕೇಳಿದರು. ಬೆಟ್ಟದ ಮೇಲಿನ ಕಾಡಿನಲ್ಲಿ ಎಂದೆ. ಗೋಡೆ, ಬಾಗಿಲು ಇರುವ ಜಾಗವೇನಾದರೂ ಸಿಗುತ್ತದಾ ಎಂದರು. ನಮ್ಮ ಕಡೆ ಎಡೆ ಇಡುವ ಪದ್ಧತಿ ಓದುಗರಿಗೆ ಗೊತ್ತಿರಬಹುದು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಗಂಧದಕಡ್ಡಿ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಹಿರಿಯರು ನಿಧಾನವಾಗಿ ಉಣ್ಣುತ್ತಾರೆ, ಯಾರೂ ನೋಡಬಾರದು. ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಳೆದ ಮೇಲೆ ಮಗನಾದವನು ಮೂರು ಸಲ ಕೆಮ್ಮಿ, ಬಾಗಿಲು ತೆಗೆದು, ಒಳಗೆ ಹೋಗಿ ಅಡ್ಡಬೀಳಬೇಕು.

ಇದನ್ನು ಹೆರಾಲ್ಡರಿಗೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಏನೆಂದು ಹೇಳುವುದು? ಸತ್ತವರಿಗೆ ಊಟ ಎಂದರೆ ಅವರು ನಮ್ಮನ್ನು ಏನೆಂದುಕೊಂಡಾರು? ಎರಡು ಸಲವೂ ಬಾಯಿ ಮುಚ್ಚಿಕೊಂಡೆ. ಆಗಲೇ ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಬೆಟ್ಟದ ಮೇಲೆ

ಸ್ಮೋಕಿ ಬೆಟ್ಟಗಳು ಎನ್ನುತ್ತಾರೆ. ಎಲ್ಲ ಕಡೆ ಮಂಜು ಹೊಗೆಯ ಹಾಗೆ ಎದ್ದಿತ್ತು. ಮರಗಳ ಎಲೆಗಳು ಕೆಂಪಾಗಿ, ಹಳದಿಯಾಗಿ ಉದುರುವುದಕ್ಕೆ ತಯಾರಾಗಿದ್ದವು. ರೂತ್ ಕಾರು ನಿಲ್ಲಿಸಿ ನಿಲ್ಲಿಸಿ ಅಂದ ನೋಡಿದರು. ನಾನು ನೋಡಿದ್ದು ತಂಗುದಾಣದ ಬಾಗಿಲಲ್ಲಿ ನೆಟ್ಟಿದ್ದ ಹಲಗೆ. ಅದರ ಮೇಲೆ ಕರಡಿಯ ಚಿತ್ರ ಇತ್ತು. ನನ್ನ ಕೈ ಕೆನ್ನೆಗೆ ಹೋಯಿತು.

ಅಗಲವಾದ ಟೋಪಿ ಹಾಕಿದ ರೇಂಜರ್ ಬಂದು ಪ್ರತಿ ಗುಡಾರದ ಮುಂದೆಯೂ ನಿಂತು ಅದೇ ಮಾತು ಹೇಳಿದರು. ಚಳಿಗಾಲಕ್ಕೆ ಮುಂಚೆ ಕರಡಿಗಳು ಹಗಲೂ ರಾತ್ರಿ ತಿನ್ನುತ್ತವೆ. ಗುಡಾರದೊಳಗೆ ತಿನ್ನುವ ಪದಾರ್ಥ ಒಂದು ಚೂರೂ ಇರಕೂಡದು. ಎಲ್ಲವನ್ನೂ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಬೇಕು. ನಾನು ಇದನ್ನು ಚಿಕ್ಕೇಗೌಡರಿಗೆ ಅಕ್ಷರಶಃ ಹೇಳಿದೆ. ಜೊತೆಗೆ ಸ್ವಂತದ ಎರಡು ಮಾತೂ ಸೇರಿಸಿದೆ. ಅವರು ತಲೆಯಾಡಿಸಿದರು. ಸರಿ, ನಾಳೆ ಎಡೆ ಮುಗಿದ ಕೂಡಲೇ ಎಲ್ಲ ಡಿಕ್ಕಿಗೆ ಹಾಕೋಣ ಎಂದರು.

ಮಾರನೆಯ ದಿನ ಅಮಾವಾಸ್ಯೆ. ಕೋಳಿ ಮಾಂಸ ಹಿಂದಿನ ದಿನವೇ ತಂದದ್ದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿತ್ತು. ಮಧ್ಯಾಹ್ನ ಚಿಕ್ಕೇಗೌಡರೇ ಸಾರು ಮಾಡಿ, ರಾಗಿ ಮುದ್ದೆ ಕಟ್ಟಿದರು. ರೂತ್ ಬಗ್ಗಿ ನೋಡಿ, ಚೆನ್ನಾಗಿದೆ ವಾಸನೆ ಎಂದರು. ರಸ್ತೆ ಬದಿಯ ಅಂಗಡಿಯಲ್ಲಿ ಜೋನಿಬೆಲ್ಲದಂಥ ಪಾಕ ಸಿಕ್ಕಿತ್ತು, ಅದನ್ನೂ ತೆಗೆದಿಟ್ಟರು. ಬಾಳೆ ಎಲೆ ಎಲ್ಲಿಂದ ಬರಬೇಕು? ರೂತ್ ಬೇಯಿಸಲು ತಂದಿದ್ದ ಕೋಸಿನ ಜಾತಿಯ ಅಗಲ ಸೊಪ್ಪಿನಲ್ಲಿ ಎರಡು ಎಲೆ ಕೇಳಿ ಪಡೆದರು. ನಾಲ್ಕು ಗಂಟೆಯ ಸುಮಾರಿಗೆ ಗಂಡ ಹೆಂಡಿರಿಬ್ಬರೂ ಮಂಜುಗಡ್ಡೆ ತರಲು ಕಾರು ತೆಗೆದುಕೊಂಡು ಕೆಳಗೆ ಹೋದರು. ಚಿಕ್ಕೇಗೌಡರು ಪಂಚೆಯ ಗಂಟು ಬಿಚ್ಚಿದರು.

ನಾನು ಕೈ ಮುಗಿದೆ. ಹೊರಗೆ, ಮೇಜಿನ ಮೇಲೆ ಇಡೋಣ ಗೌಡ್ರೇ ಎಂದೆ. ಬಟ್ಟಬಯಲಿನಲ್ಲಿ ಅಪ್ಪ ಯಾವತ್ತೂ ಉಂಡವರಲ್ಲ ಎಂದರು. ಹಾಗಾದರೆ ಕಾರು ಬರಲಿ, ಕಾರಿನೊಳಗೇ ಇಡೋಣ, ಅದಕ್ಕೂ ಬಾಗಿಲಿದೆ ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು.

"ನಮ್ಮಪ್ಪನ್ನ ಡಿಕ್ಕಿವೊಳಗೆ ಕೂರ್ಸಿ ಉಣ್ಣಿಸ್ಲಾ? ನಾವು ಮನಗೋ ಸೂರಿನ ಕೆಳೀಕೆ ಮಡಗ್ಬೇಕು ಕಣಯ್ಯ. ಎಂಟು ದಿನ ಒಟ್ಟೆಗೇನೂ ಇಲ್ದಂಗೆ ಓದೋನು ಅವ್ನು."

ಹತ್ತು ನಿಮಿಷದ ಕೆಲಸ, ಹಗಲು ಹೊತ್ತು, ಸುತ್ತ ಇಷ್ಟು ಜನ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಒಳಗೆ ಎಲ್ಲ ಬಡಿಸಿ, ಪಂಚೆ ಮಡಿಸಿಟ್ಟು, ಗಂಧದಕಡ್ಡಿ ಹಚ್ಚಿ ಹೊರಗೆ ಬಂದರು. ಜಿಪ್ಪು ಎಳೆದರು. ಇಬ್ಬರೂ ಗುಡಾರಕ್ಕೆ ಬೆನ್ನು ಮಾಡಿ ನಿಂತೆವು. ಎಲೆಅಡಿಕೆ ಇರಲಿಲ್ಲ. ಚಿಕ್ಕೇಗೌಡರ ತುಟಿ ಮಾತ್ರ ಅಲುಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಸದ್ದಾಯಿತು.

ಮೊದಲು ಹಿಂಬದಿಯಲ್ಲಿ ಬಟ್ಟೆಯ ಅಂಚು ಎತ್ತಿ ಏನೋ ಒಳಗೆ ಸರಿದ ಹಾಗೆ. ಆಮೇಲೆ ಸಾರಿನ ಬಟ್ಟಲು ಉರುಳಿದ್ದು. ಆಮೇಲೆ ಉಣ್ಣುವ ಸದ್ದು. ಚೆನ್ನಾಗಿ ಹಸಿದವರು ಯಾರೂ ನೋಡುತ್ತಿಲ್ಲವೆಂದು ಲೊಚಲೊಚನೆ ಉಣ್ಣುವ ಸದ್ದು. ಪಕ್ಕಕ್ಕೆ ನೋಡಿದೆ. ಚಿಕ್ಕೇಗೌಡರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ತುಂಬ ಮೆಲ್ಲಗೆ, ನನಗಲ್ಲ, ತಮಗೇ ಹೇಳಿಕೊಳ್ಳುವಂತೆ, "ಬಂದವ್ನೆ" ಎಂದರು.

ನಿಜ ಹೇಳುತ್ತೇನೆ, ಒಂದು ಗಳಿಗೆ ನಾನೂ ನಂಬಿದೆ. ಕರಡಿಗೆ ಹೆದರಿದ್ದು ಬೇರೆ, ಇದು ಬೇರೆ. ಕಾಲು ನೆಲಕ್ಕೆ ಹೊಲಿದಂತಾಯಿತು. ಅಷ್ಟರಲ್ಲಿ ಗಾಳಿ ತಿರುಗಿ ವಾಸನೆ ಬಂತು. ಒದ್ದೆ ಕಂಬಳಿಯ ವಾಸನೆ, ಹಳೆಯ ಮೃಗದ ವಾಸನೆ. ಅಟ್ಟಣೆಯ ಮೇಲೆ ಕೂತ ರಾತ್ರಿಗಳಲ್ಲಿ ಮೂಗಿಗೆ ಬಡಿದ ವಾಸನೆ ಅದು.

ಚಿಕ್ಕೇಗೌಡರು ಮೂರು ಸಲ ಕೆಮ್ಮಿದರು. ತಿರುಗಿ ಜಿಪ್ಪಿಗೆ ಕೈ ಹಾಕಿದರು.

ಅವರು ಒಳಗೆ ಹೋಗಿ ಅಡ್ಡಬೀಳುತ್ತಾರೆ. ಮುಖ ನೆಲಕ್ಕಿಟ್ಟು. ಮಾರನ ಮುಖ ನನ್ನ ಕಣ್ಣ ಮುಂದೆ ಬಂತು. ನಾನು ಹೇಗೆ ಹಾರಿದೆನೋ ಗೊತ್ತಿಲ್ಲ, ಅವರ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ನೇತಾಡಿದೆ. "ಗೌಡ್ರೇ, ಅದು ಕರಡಿ ಕಣ್ರೀ" ಎಂದೆ. ಅವರು ನನ್ನನ್ನು ಕೊಡವಿಕೊಂಡು, "ಯಾವ ರೂಪ್ದಾಗಾದ್ರೂ ಬತ್ತಾರೆ, ಬುಡು ನನ್ನ" ಎಂದರು. ಜಿಪ್ಪು ಒಂದು ಗೇಣು ತೆರೆದೇಬಿಟ್ಟಿತು. ಆ ಸಂದಿನಲ್ಲಿ ಕಪ್ಪು ಕೂದಲು, ಪಾಕ ಮೆತ್ತಿಕೊಂಡ ಮೂತಿ ಕಂಡಿತು. ಎರಡು ಸಣ್ಣ ಕಣ್ಣು ನಮ್ಮನ್ನು ನೋಡಿದವು.

ಅದು ಉಸಿರು ಬಿಟ್ಟಿತು. ಗುಡಾರವೆಲ್ಲ ಅಲ್ಲಾಡಿತು. ಹಿಂದಿನ ಬಟ್ಟೆಯನ್ನು ಮೇಲಿಂದ ಕೆಳಗೆ ಸೀಳಿಕೊಂಡು ಹೊರಗೆ ಬಿದ್ದು ಓಡಿತು. ಮುಂಗಾಲಿಗೆ ಹೊಸ ಪಂಚೆ ಸಿಕ್ಕಿಕೊಂಡಿತ್ತು. ಕೆಂಪು ಎಲೆಗಳ ಮರಗಳ ನಡುವೆ ಬಿಳಿ ಪಂಚೆ ಎಳೆದುಕೊಂಡು ಕರಡಿ ಓಡುವುದನ್ನು ತಂಗುದಾಣದ ಜನರೆಲ್ಲ ಎದ್ದು ನಿಂತು ನೋಡಿದರು. ನಾನು ನೆಲದ ಮೇಲೆ ಕೂತಿದ್ದೆ. ಚಿಕ್ಕೇಗೌಡರು ಹರಿದ ಗುಡಾರದೊಳಗೆ ಹೋಗಿ, ನೆಕ್ಕಿ ಬರಿದಾದ ಎಲೆಯ ಮುಂದೆ ಅಡ್ಡಬಿದ್ದರು.

ರೇಂಜರ್ ಬಂದರು

ಅರ್ಧ ಗಂಟೆಯಲ್ಲಿ ರೇಂಜರ್ ಬಂದರು. ಅಷ್ಟರಲ್ಲಿ ಹೆರಾಲ್ಡ್, ರೂತ್ ಕೂಡ ಬಂದಿದ್ದರು. ರೇಂಜರ್ ಕೈಯಲ್ಲಿ ಪುಸ್ತಕ, ಸೊಂಟದಲ್ಲಿ ಪಿಸ್ತೂಲು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: ಗುಡಾರದೊಳಗೆ ತಿನ್ನುವ ಪದಾರ್ಥ ಇತ್ತೇ?

ಕಾಡಂಚಿನ ಊರುಗಳಲ್ಲಿ ಹುಟ್ಟಿದವರಿಗೆ ಮಾತ್ರ ನನ್ನ ತಪ್ಪು ಅರ್ಥವಾದೀತು. ನಮ್ಮಲ್ಲಿ ರೇಂಜರ್ ಬಂದರೆಂದರೆ ಹುಲಿ ಬಂದದ್ದಕ್ಕಿಂತ ಹೆಚ್ಚು ಹೆದರುತ್ತೇವೆ. ಅವರು ಏನು ಕೇಳಿದರೂ ಮೊದಲ ಉತ್ತರ ಇಲ್ಲ ಸ್ವಾಮಿ. ಸೌದೆ ತಂದಿರಾ, ಇಲ್ಲ. ಜೇನು ಕಿತ್ತಿರಾ, ಇಲ್ಲ. ದನ ಬಿಟ್ಟಿರಾ, ನಮ್ಮ ದನವೇ ಅಲ್ಲ. ಹಾಲು ಕುಡಿಯುವ ವಯಸ್ಸಿನಿಂದ ಕಲಿತದ್ದು ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲ ಸಾರ್, ಏನೂ ಇರಲಿಲ್ಲ ಎಂದೆ. ಹೆರಾಲ್ಡ್ ನೆಲದ ಮೇಲೆ ಬಿದ್ದಿದ್ದ ಸೊಪ್ಪಿನ ಎಲೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ರೇಂಜರ್ ಬರೆದುಕೊಂಡರು. ಹಾಗಾದರೆ ಕೆಟ್ಟ ಸುದ್ದಿ ಎಂದರು. ಊಟದ ಆಸೆಯಿಲ್ಲದೆ ಜನ ಮಲಗುವ ಗುಡಾರಕ್ಕೆ ನುಗ್ಗುವ ಕರಡಿ ಮನುಷ್ಯರ ಮೇಲೆ ಬೀಳುವ ಕರಡಿ. ಇವತ್ತೇ ಬೋನು ಇಡುತ್ತೇವೆ, ಸಿಕ್ಕ ಕೂಡಲೇ ಗುಂಡು ಹಾಕುತ್ತೇವೆ. ಹಾಗೆ ಹೇಳಿ ತಮ್ಮ ಜೀಪಿನ ಕಡೆಗೆ ನಡೆದರು.

ಏನಂತೆ ಎಂದು ಚಿಕ್ಕೇಗೌಡರು ಕೇಳಿದರು. ಕರಡಿ ಹಿಡಿಯುತ್ತಾರಂತೆ ಎಂದೆ. ಹಿಡಿದು? ಎಂದರು. ಒಂದೇ ದಿನ ಎರಡು ಸುಳ್ಳು ಹೇಳುವ ತಾಕತ್ತು ನನಗಿರಲಿಲ್ಲ. ಗುಂಡು ಎಂದೆ. ಯಾಕೆ ಎಂದರು. ರೇಂಜರಿಗೆ ನಾನು ಹೇಳಿದ ಸುಳ್ಳನ್ನು ಬಿಡಿಸಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಮಡಗಿದ್ ಎಡೆ ಉಂಡಿರೋದು ಅದು. ಕರೆದು ಉಣ್ಣಾಕಿಕ್ಕಿ, ಉಂಡೋರ್ ಮ್ಯಾಲೆ ಗುಂಡು ಆರ್ಸಿಸ್ತೀಯೇನಯ್ಯ?"

ಇಷ್ಟು ಹೇಳಿ ಆ ಸೊಪ್ಪಿನ ಎಲೆ ಎತ್ತಿಕೊಂಡು ಜೀಪಿನ ಕಡೆಗೆ ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ. ಅವರು ರೇಂಜರ್ ಮುಂದೆ ಎಲೆ ಹಿಡಿದು, ಗುಡಾರ ತೋರಿಸಿ, ತಮ್ಮ ಎದೆಯನ್ನು ಅಂಗೈಯಿಂದ ಎರಡು ಸಲ ತಟ್ಟಿಕೊಂಡರು. ರೇಂಜರ್ ನನ್ನ ಮುಖ ನೋಡಿದರು. ಜೈಲು, ಊರಿಗೆ ವಾಪಸ್ಸು ಕಳಿಸುವುದು, ಪೇಪರಿನಲ್ಲಿ ಹೆಸರು ಬರುವುದು, ಎಲ್ಲವೂ ಒಟ್ಟಿಗೆ ತಲೆಯೊಳಗೆ ತಿರುಗಿತು. ನಾನು ಸುಳ್ಳು ಹೇಳಿದೆ ಸಾರ್, ಊಟ ಇತ್ತು, ನಾವೇ ಇಟ್ಟದ್ದು ಎಂದೆ.

ಯಾರ ಊಟ ಎಂದರು. ಇವರ ತಂದೆಯದು ಎಂದೆ. ತಂದೆ ಎಲ್ಲಿದ್ದಾರೆ ಎಂದರು. ಆಮೇಲೆ ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಅಮಾವಾಸ್ಯೆ, ಗಂಟಲ ಕಾಯಿಲೆ, ಎಂಟು ದಿನ, ಹಾಕಿದ ಬಾಗಿಲು, ಎಲ್ಲ ಹೇಳಿದೆ. ರೇಂಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಬರೆದದ್ದನ್ನು ಹೊಡೆದುಹಾಕಿದರು. ತಪ್ಪು ನಿಮ್ಮದು, ಅದರದ್ದಲ್ಲ ಎಂದರು. ಸಿಕ್ಕರೆ ಬೆಟ್ಟದ ಆಚೆ ದೂರ ಕೊಂಡೊಯ್ದು ಬಿಡುತ್ತೇವೆ. ಆದರೆ ರುಚಿ ಹತ್ತಿದ ಕರಡಿ ಎಷ್ಟು ದೂರದಿಂದಲಾದರೂ ನಡೆದು ವಾಪಸ್ಸು ಬರುತ್ತದೆ. ಬಂದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ, ಗುಂಡೇ. ನೀವು ನಾಳೆ ಬೆಳಿಗ್ಗೆ ಇಲ್ಲಿಂದ ಹೊರಡಬೇಕು.

ಹೆರಾಲ್ಡರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಗುಡಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದರು. ರೂತ್ ತಮ್ಮ ತಾಯಿಯ ಗೋರಿಗೆ ಪ್ರತಿ ವರ್ಷ ಹೂವಿಡುವುದನ್ನು ಹೇಳಿ, ಹೇಳಿದ್ದರೆ ಒಂದು ಸೇಬಿನ ಸಿಹಿ ಮಾಡಿಕೊಡುತ್ತಿದ್ದೆ ಎಂದರು. ಕಾರಿನಲ್ಲಿ ಹೊಗೆಸೊಪ್ಪು ಪೋಣಿಸುವ ದಾರದ ಉಂಡೆ ಇತ್ತು. ನಮ್ಮ ಹುಣಸೂರಿನಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳಲ್ಲಿ ಬಳಸುವಂಥದೇ. ಕತ್ತಲಾಗುವ ಮುಂಚೆ ನಾಲ್ವರೂ ಕೂತು ಸೀಳಿದ ಬಟ್ಟೆ ಹೊಲಿದೆವು. ಚಿಕ್ಕೇಗೌಡರ ಹೊಲಿಗೆ ಎಲ್ಲರಿಗಿಂತ ನೇರವಾಗಿತ್ತು.

ಕಬ್ಬಿಣದ ಪೀಪಾಯಿ

ಬೆಳಿಗ್ಗೆ ರೇಂಜರ್ ಕರೆದರು. ಬೋನು ಎಂದರೆ ಚಕ್ರದ ಮೇಲೆ ಮಲಗಿಸಿದ ದೊಡ್ಡ ಕಬ್ಬಿಣದ ಪೀಪಾಯಿ, ಒಂದು ತುದಿಗೆ ಜಾಲರಿಯ ಬಾಗಿಲು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತೆ. ಚಿಕ್ಕೇಗೌಡರು ಹತ್ತಿರ ಹೋಗಿ ನನ್ನನ್ನೂ ಕೈಮಾಡಿ ಕರೆದರು. ಹೋಗದೆ ವಿಧಿಯಿರಲಿಲ್ಲ.

ಕರಡಿ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು. ಪೀಪಾಯಿಯ ಆ ತುದಿಗೆ ಅಂಟಿಕೊಂಡು ಕೂತಿತ್ತು. ಉಗುರಿನಲ್ಲಿ ಕೆಂಪು ಅಂಚಿನ ಒಂದೆಳೆ ದಾರ ಸಿಕ್ಕಿತ್ತು. ಮೈಯೆಲ್ಲ ನಡುಗುತ್ತಿತ್ತು. ನಡುಗುವ ಸದ್ದು ಕಬ್ಬಿಣದ ಮೂಲಕ ಕೇಳುತ್ತಿತ್ತು. ಅದು ಹೆದರಿತ್ತು ಎಂದು ಮಾರ ಹೇಳುತ್ತಿದ್ದುದು ನನಗೆ ನೆನಪಾಯಿತು. ಅವನ ಮಾತನ್ನು ನಾನು ನಿಜವಾಗಿ ಕೇಳಿಸಿಕೊಂಡದ್ದು ಆವತ್ತೇ.

ಜೀಪು ಶುರುವಾಯಿತು. ಚಿಕ್ಕೇಗೌಡರು ಕೈ ಮುಗಿದು, "ಓಗಿ" ಎಂದರು. ಅಲ್ಲಿಗೇ ಮಾತು ನಿಲ್ಲಿಸಿದರು. ನಮ್ಮ ಕಡೆ ಹೊರಟವರಿಗೆ ಹೋಗು ಎಂದು ಯಾರೂ ಹೇಳುವುದಿಲ್ಲ. ಶತ್ರುವಿಗೂ ಹೋಗಿ ಬಾ ಎಂದೇ ಹೇಳುತ್ತೇವೆ. ಆ ಎರಡನೆಯ ಮಾತು ಅವರ ಬಾಯಿಂದ ಹೊರಡಲಿಲ್ಲ. ಬಂದರೆ ಗುಂಡು.

"ಓಗಪ್ಪ. ತಿರುಗಿ ಬರ್ಬ್ಯಾಡ."

ಪೀಪಾಯಿ ತಿರುವು ದಾಟುವ ತನಕ ಅವರು ಮುಗಿದ ಕೈ ಇಳಿಸಲಿಲ್ಲ.

ಚುಂಚನಕಟ್ಟೆ

ಊರಿಗೆ ಬಂದ ಮೇಲೆ ಚಿಕ್ಕೇಗೌಡರು ತಿಂಗಳಿಗೊಮ್ಮೆ ಯಾರ ಮೂಲಕವಾದರೂ ಹೇಳಿ ಕಳಿಸುತ್ತಿದ್ದರು: ಹೆರಾಲ್ಡರ ಕಾಗದ ಬಂತಾ? ನಾನು ಹುಣಸೂರಿನಿಂದ ಎರಡು ಸಲ ಬರೆದಿದ್ದೆ. ರೇಂಜರನ್ನು ವಿಚಾರಿಸಿ ತಿಳಿಸಿ ಎಂದು ಕೇಳಿದ್ದೆ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಆ ಕರಡಿ ಸತ್ತಿದ್ದರೆ ಅದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು.

ಒಂದು ವರ್ಷ ತುಂಬುವ ಹೊತ್ತಿಗೆ ಕಾಗದ ಬಂತು. ಒಡೆಯಲು ಧೈರ್ಯ ಬರಲಿಲ್ಲ. ಹಾಗೇ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ, ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ಚುಂಚನಕಟ್ಟೆಗೆ ಹೋದೆ. ಅವತ್ತೂ ಮಾರ್ನಮಿ ಅಮಾವಾಸ್ಯೆ. ನಾನು ಹೋದಾಗ ಮನೆಯವರೆಲ್ಲ ಅಂಗಳದಲ್ಲಿ, ಹಾಕಿದ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು. ಚಿಕ್ಕೇಗೌಡರ ತಾಯಿ ಕಂಬಕ್ಕೆ ಒರಗಿ ಕೂತಿದ್ದರು. ಒಳಗೆ ಯಾವ ಸದ್ದೂ ಇರಲಿಲ್ಲ. ನಾನೂ ಹೋಗಿ ಗೌಡರ ಪಕ್ಕದಲ್ಲಿ ನಿಂತು, ಮೆಲ್ಲಗೆ ಕಾಗದ ಒಡೆದು ಓದಿದೆ.

ರೇಂಜರ್ ಹೇಳಿ ಕಳಿಸಿದ್ದರಂತೆ. ವರ್ಷವಿಡೀ ದಾರಿ ಕಾದರು. ಬೇರೆ ಮೂರು ಕರಡಿಗಳು ತಿರುಗಿ ಬಂದವು. ಬೆಟ್ಟದಾಚೆ ಬಿಟ್ಟ ಆ ಕರಡಿ ಮಾತ್ರ ತಂಗುದಾಣದ ಕಡೆ ಬರಲೇ ಇಲ್ಲ. ಮೊನ್ನೆ ಆಚೆ ಬದಿಯ ಹಣ್ಣಿನ ಪೊದೆಗಳಲ್ಲಿ, ಬಿಡುವಾಗ ಕಿವಿಗೆ ಹಾಕಿದ್ದ ಬಿಲ್ಲೆಯಿಂದ ಗುರುತು ಹಿಡಿದು, ಅದನ್ನು ನೋಡಿದವರಿದ್ದಾರೆ, ಮೈ ತುಂಬಿಕೊಂಡಿದೆ. ರೂಢಿ ಹತ್ತಿದ ಕರಡಿ ಹೀಗೆ ಬರದೆ ಇರುವುದು ಅಪರೂಪ, ಕಾರಣ ತಮಗೂ ತಿಳಿಯದು ಎಂದು ಹೇಳಿದರಂತೆ.

ನಾನು ಇದನ್ನೆಲ್ಲ ಪಿಸುದನಿಯಲ್ಲಿ ಹೇಳಿ ಮುಗಿಸಿದೆ. ಚಿಕ್ಕೇಗೌಡರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ತಾಯಿಗೆ ಕೇಳುವಂತೆ ಹೇಳಿದರು.

"ಒಟ್ಟೆ ತುಂಬ್ದೋರು ಯಾಕಯ್ಯ ತಿರುಗಿ ಬತ್ತಾರೆ?"

ಮೂರು ಸಲ ಕೆಮ್ಮಿ ಬಾಗಿಲು ತೆಗೆದರು.